ಕಂಕುಳಿನ ಗಂಟೆಲ್ಲ ತೆಗೆಯಲೇಬೇಕಾ? ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಮೊದಲು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ

ಬಳೆ ಅಂಗಡಿಯವರಿಗೆ ಇಂಥ ಗಿರಾಕಿ ಹೊಸದೇನಲ್ಲ. ಎಡಗೈಗೆ 2.4 ಸೈಜ್ ಸಲೀಸಾಗಿ ಏರುತ್ತೆ, ಬಲಗೈಗೆ 2.8 ಕೂಡ ಬಿಗಿ. ಟೈಲರ್ ಹತ್ತಿರ ಹೋದರೆ ಬ್ಲೌಸಿನ ಒಂದು ತೋಳಿಗೆ ಒಂದು ಅಳತೆ, ಇನ್ನೊಂದಕ್ಕೆ ಮೂರು ಇಂಚು ಜಾಸ್ತಿ. ಕೇಳಿದರೆ, "ಎದೆ ಗಡ್ಡೆ ಆಪರೇಷನ್ ಆಗಿತ್ತು, ಆಮೇಲಿಂದ ಕೈ ಹೀಗೇ" ಅನ್ನುತ್ತಾರೆ. ಕ್ಯಾನ್ಸರ್ ಹೋಗಿದೆ, ಜೀವ ಉಳಿದಿದೆ. ಆದರೆ ರೊಟ್ಟಿ ತಟ್ಟೋಕೆ, ಬಿಂದಿಗೆ ಎತ್ತೋಕೆ, ಅಂಗಡಿ ಶಟರ್ ಎಳೆಯೋಕೆ ಆ ಕೈ ಬರುತ್ತಿಲ್ಲ.

ಬಹುತೇಕ ಸಲ ಇದು ಕ್ಯಾನ್ಸರ್ ಮರುಕಳಿಸಿದ್ದಲ್ಲ (ಆದರೂ ಕೈ ಹೊಸದಾಗಿ ಊದಿಕೊಂಡರೆ ಡಾಕ್ಟರಿಗೆ ತೋರಿಸಲೇಬೇಕು). ಆಪರೇಷನ್ ಸಮಯದಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೆಲ್ಲ ತೆಗೆದಿದ್ದರಿಂದ ಉಳಿದುಕೊಂಡ ಬಾವು. ಡಾಕ್ಟರುಗಳು ಇದನ್ನು ಲಿಂಫೆಡೀಮ ಅಂತಾರೆ. ಎಲ್ಲ ಗ್ರಂಥಿ ತೆಗೆಯದೆ, ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸಿ ಉಳಿದವನ್ನು ಬಿಡಬಹುದಾ ಅಂತ ತೀರ್ಮಾನಿಸುವ ವಿಧಾನ ಬಂದು ಸುಮಾರು 30 ವರ್ಷವಾಯಿತು. ಹೆಸರು ಸೆಂಟಿನಲ್ ಲಿಂಫ್ ನೋಡ್ ಬಯಾಪ್ಸಿ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಆದರೆ ಹೊಂದುವವರೂ ಹೆಸರು ಕೇಳದ ಕಾರಣಕ್ಕೆ ಇದನ್ನು ಕಳೆದುಕೊಳ್ಳಬಾರದು.

ಕಂಕುಳಿನಲ್ಲಿ ಅಂಥದ್ದೇನಿದೆ?

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ನೋವಿನ ಗಂಟು ಏಳುತ್ತದಲ್ಲ, ಅದೇ ದುಗ್ಧಗ್ರಂಥಿ. ಇಂಗ್ಲಿಷಿನಲ್ಲಿ ಲಿಂಫ್ ನೋಡ್. ರಕ್ತನಾಳಗಳಿಂದ ಹೊರಗೆ ಜಿನುಗುವ ನೀರಿನಂಥ ರಸವನ್ನು ಮತ್ತೆ ರಕ್ತಕ್ಕೆ ಸೇರಿಸಲು ಮೈತುಂಬಾ ಸಣ್ಣ ನಾಳಗಳಿವೆ. ಗದ್ದೆಯಲ್ಲಿ ಹೆಚ್ಚಾದ ನೀರು ಬಸಿಗಾಲುವೆ ಹಿಡಿದು ಹೋಗುವ ಹಾಗೆ. ದಾರಿಯಲ್ಲಿ ಸಿಗುವ ಗ್ರಂಥಿಗಳು ಜರಡಿಯ ಕೆಲಸ ಮಾಡುತ್ತವೆ, ರೋಗಾಣು ಬಂದರೆ ಹಿಡಿಯುತ್ತವೆ. ಕ್ಯಾನ್ಸರ್ ಕಣಗಳು ಗಡ್ಡೆಯಿಂದ ಕಳಚಿ ಹೊರಟರೆ ಇದೇ ಕಾಲುವೆ ಹಿಡಿಯಬಹುದು.

ಸ್ತನದ ರಸದ ಹೆಚ್ಚಿನ ಪಾಲು ಬಸಿಯುವುದು ಅದೇ ಬದಿಯ ಕಂಕುಳಿಗೆ. ಅಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಂಥಿಗಳಿರುತ್ತವೆ. ಕಷ್ಟ ಏನೆಂದರೆ ಕೈಯ ರಸವೂ ಅದೇ ಕಂಕುಳಿನ ಮೇಲೇ ಹಾದು ಹೋಗಬೇಕು. ಕಂಕುಳು ಖಾಲಿ ಮಾಡಿದರೆ ಕೈಯ ಬಸಿಗಾಲುವೆಯನ್ನೂ ಮುಚ್ಚಿದ ಹಾಗೆ. ಆನೆಕಾಲು ರೋಗದಲ್ಲಿ ಕಾಲು ಊದಿಕೊಳ್ಳುವುದೂ ದುಗ್ಧನಾಳ ಕೆಟ್ಟೇ. ಅಲ್ಲಿ ಕೆಡಿಸುವುದು ಸೊಳ್ಳೆಯಿಂದ ಬರುವ ಹುಳು, ಇಲ್ಲಿ ಆಪರೇಷನ್ನು, ಕೆಲವೊಮ್ಮೆ ರೇಡಿಯೇಷನ್ನು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕಾದ ಮನೆಗಳು ಇನ್ನೂ ಇವೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಪ್ರಚಾರಕ್ಕೆ ತಂದ ಆಪರೇಷನ್ನಿನಲ್ಲಿ ಸ್ತನ, ಅದರ ಕೆಳಗಿನ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ದಶಕಗಳ ಕಾಲ ಅದೇ ನಡೆಯಿತು. ಮುಂದೆ ಸ್ನಾಯು ಉಳಿಸಿದರು, ಆಮೇಲೆ ಸ್ತನವನ್ನೂ ಉಳಿಸಲು ಕಲಿತರು. ಕಂಕುಳು ಮಾತ್ರ ಪೂರ್ತಿ ತೆರವು ಮಾಡುವುದು ಬಿಡಲಿಲ್ಲ. ಕಾರಣವೂ ಇತ್ತು. ಕ್ಯಾನ್ಸರ್ ಗ್ರಂಥಿಗೆ ಇಳಿದಿದೆಯೋ ಇಲ್ಲವೋ ಅಂತ ತಿಳಿಯದೆ ಮುಂದಿನ ಚಿಕಿತ್ಸೆ ನಿರ್ಧರಿಸುವುದು ಕಷ್ಟ. ತಿಳಿಯಬೇಕೆಂದರೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗೆ ತೆಗೆದು ನೋಡಿದಾಗ, ಬೇಗ ಬಂದಿದ್ದ ಎಷ್ಟೋ ಹೆಂಗಸರ ಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇರುತ್ತಿರಲಿಲ್ಲ. ಗ್ರಂಥಿ ಹೋಯಿತು, ಕೈ ಊದಿತು, ಸಿಕ್ಕಿದ್ದು "ಏನೂ ಇಲ್ಲ" ಅನ್ನುವ ವರದಿ.

ಪೂರ್ತಿ ತೆರವು ಮಾಡಿಸಿಕೊಂಡವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಕೈಬಾವು ಬರುತ್ತದೆ. ಸೆಂಟಿನಲ್ ಮಾತ್ರ ತೆಗೆದವರಲ್ಲಿ ಅದು ನೂರಕ್ಕೆ ಐದಾರು ಮಂದಿಗೆ. ತೋಳಿನ ಒಳಭಾಗ ಜೋಮು ಹಿಡಿದಂತಿರುವುದು, ಭುಜ ಮೇಲಕ್ಕೆ ಏಳದಿರುವುದು, ಇವೂ ಸೆಂಟಿನಲ್‌ನಲ್ಲಿ ಕಡಿಮೆ.

ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿ

ಸೆಂಟಿನಲ್ ಅಂದರೆ ಕಾವಲುಗಾರ. ಊರಿಗೆ ಹೊಸಬರು ಯಾರಾದರೂ ಬಸ್ಸಿಳಿದರೆ ಮೊದಲು ಕಾಣುವುದು ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯವರಿಗೆ. ಅವರು "ಯಾರೂ ಇಳಿದಿಲ್ಲ" ಅಂದರೆ ಒಂದೊಂದೇ ಓಣಿಗೆ ಹೋಗಿ ಮನೆ ಬಾಗಿಲು ತಟ್ಟಬೇಕಾಗಿಲ್ಲ. ಸ್ತನದ ಗಡ್ಡೆಯಿಂದ ಹೊರಟ ರಸ ಕಂಕುಳಿನ ಎಲ್ಲ ಗ್ರಂಥಿಗೂ ಒಟ್ಟಿಗೆ ನುಗ್ಗುವುದಿಲ್ಲ. ಮೊದಲು ಒಂದೋ ಎರಡೋ ಗ್ರಂಥಿಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಆ ಮೊದಲ ಗ್ರಂಥಿಯೇ ಸೆಂಟಿನಲ್ ನೋಡ್. ಅದರಲ್ಲಿ ಕ್ಯಾನ್ಸರ್ ಇಲ್ಲ ಅಂದರೆ ಹಿಂದಿನವುಗಳಲ್ಲೂ ಇರುವ ಸಾಧ್ಯತೆ ತೀರಾ ಕಡಿಮೆ.

ಕಾವಲು ಗ್ರಂಥಿಯನ್ನು ಹುಡುಕುವ ಯೋಚನೆಯನ್ನು 1977ರಲ್ಲಿ ರಾಮೋನ್ ಕಬಾನಾಸ್ ಅನ್ನುವ ಸರ್ಜನ್ ಶಿಶ್ನದ ಕ್ಯಾನ್ಸರ್ ವಿಷಯದಲ್ಲಿ ಮುಂದಿಟ್ಟಿದ್ದರು. ಅದು ಎಲ್ಲ ಕಡೆ ಹಬ್ಬಿದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್ ತಂಡ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲಿ ನೀಲಿ ಬಣ್ಣ ಚುಚ್ಚಿ ಗ್ರಂಥಿ ಪತ್ತೆ ಮಾಡಿದ ಮೇಲೆ. ಮರುವರ್ಷ ಡೇವಿಡ್ ಕ್ರಾಗ್ ವಿಕಿರಣ ಪತ್ತೆ ಯಂತ್ರ ಬಳಸಿ, 1994ರಲ್ಲಿ ಅರ್ಮಾಂಡೊ ಜೂಲಿಯಾನೊ ನೀಲಿ ಬಣ್ಣ ಬಳಸಿ ಸ್ತನ ಕ್ಯಾನ್ಸರ್‌ಗೂ ಇದನ್ನು ತಂದರು.

ಹೇಗೆ ಮಾಡುತ್ತಾರೆ?

ಮೊದಲು ಕಂಕುಳಿನ ಅಲ್ಟ್ರಾಸೌಂಡ್. ಅನುಮಾನದ ಗಂಟು ಕಂಡರೆ ಸೂಜಿ ಹಾಕಿ ಪರೀಕ್ಷೆ. ಅಲ್ಲೇ ಕ್ಯಾನ್ಸರ್ ಸಿಕ್ಕಿಬಿಟ್ಟರೆ ದಾರಿ ಬೇರೆ. ಏನೂ ಕಾಣದಿದ್ದರೆ ಸೆಂಟಿನಲ್ ಮಾತು.

ಆಪರೇಷನ್ ದಿನ, ಅಥವಾ ಹಿಂದಿನ ದಿನ, ಸ್ತನದ ತೊಟ್ಟಿನ ಸುತ್ತ ಅಥವಾ ಗಡ್ಡೆಯ ಹತ್ತಿರ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿ ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣ ವಸ್ತು ಬಹಳ ಸ್ವಲ್ಪ ಇರುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ನೀಲಿ ಬಣ್ಣವನ್ನೂ ಚುಚ್ಚಿ ಕೆಲವು ನಿಮಿಷ ತಿಕ್ಕುತ್ತಾರೆ. ಎರಡೂ ದುಗ್ಧನಾಳ ಹಿಡಿದು ಹೋಗಿ ಮೊದಲ ಗ್ರಂಥಿಯಲ್ಲಿ ನಿಲ್ಲುತ್ತವೆ. ಸರ್ಜನ್ ಕೈಯಲ್ಲಿ ಪೆನ್ನಿನ ಹಾಗಿರುವ ಗಾಮಾ ಪ್ರೋಬ್ ಇರುತ್ತದೆ. ಕಂಕುಳಿನ ಮೇಲೆ ಅದನ್ನು ಆಡಿಸಿದರೆ ಗ್ರಂಥಿ ಇರುವ ಕಡೆ ಬೀಪ್ ಶಬ್ದ ಜೋರಾಗುತ್ತದೆ. ಅಲ್ಲಿ ಸಣ್ಣದಾಗಿ ಕೊಯ್ದು ನೋಡಿದರೆ ನೀಲಿ ದಾರದಂಥ ನಾಳ, ಅದರ ತುದಿಯಲ್ಲಿ ನೀಲಿ ಗ್ರಂಥಿ. ನೀಲಿ ಇರುವುದು, ಶಬ್ದ ಮಾಡುವುದು, ಕೈಗೆ ಗಟ್ಟಿ ಸಿಗುವುದು, ಇವನ್ನೆಲ್ಲ ತೆಗೆಯುತ್ತಾರೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು.

ವಿಕಿರಣ ಅಂದಕೂಡಲೇ ಹೆದರಬೇಕಾಗಿಲ್ಲ. ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಮರುದಿನದ ಹೊತ್ತಿಗೆ ಲೆಕ್ಕಕ್ಕಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಹಾಲಿನ ಪ್ಯಾಕೆಟ್‌ಗಿಂತ ಬೇಗ ಹಾಳಾಗುವ ಸರಕು, ಸ್ಟಾಕ್ ಇಡುವ ಹಾಗಿಲ್ಲ. ಅದಕ್ಕೇ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ನಂಟಿರುವ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ. ಗಾಮಾ ಪ್ರೋಬ್‌ಗೂ ಲಕ್ಷಗಟ್ಟಲೆ ದುಡ್ಡು.

ಹಾಗಂತ ಅದಿಲ್ಲದ ಕಡೆ ದಾರಿಯೇ ಇಲ್ಲ ಅಂತಲ್ಲ. ಕಡಿಮೆ ಬೆಲೆಯ ಮೆಥಿಲಿನ್ ಬ್ಲೂ ಒಂದರಿಂದಲೇ ಮಾಡುವ ಸರ್ಜನ್‌ಗಳಿದ್ದಾರೆ. ಇಂಡೊಸಯನಿನ್ ಗ್ರೀನ್ ಅನ್ನುವ, ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಬಣ್ಣವೂ ಬಂದಿದೆ. ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸಿನ್ ಬಣ್ಣ ಮತ್ತು ನೀಲಿ ಎಲ್‌ಇಡಿ ಬೆಳಕು ಸೇರಿಸಿ ಕಡಿಮೆ ಖರ್ಚಿನಲ್ಲಿ ಮಾಡುವುದನ್ನು ದೆಹಲಿಯ ಏಮ್ಸ್ ಸರ್ಜನ್‌ಗಳು ಪರೀಕ್ಷಿಸಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇನ್ನೂ ಸರಳ ದಾರಿ ಹಿಡಿದರು. ಕಂಕುಳಿನಲ್ಲಿ ಅಡ್ಡ ಹಾಯುವ ಒಂದು ನರದ ಕೆಳಗಿನ ಗ್ರಂಥಿಗಳ ಗುಂಪನ್ನಷ್ಟೇ ತೆಗೆದು ನೋಡುವುದು. ಯಾವ ಯಂತ್ರವೂ ಬೇಡ. ಅದೂ ಸೆಂಟಿನಲ್‌ನಷ್ಟೇ ನಿಖರ ಅಂತ ಅವರ ಅಧ್ಯಯನ ಹೇಳಿದೆ. ನಮ್ಮಂಥ ಜಿಲ್ಲೆಗಳ ಮಟ್ಟಿಗೆ ದುಬಾರಿ ಯಂತ್ರದ ಸುದ್ದಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುವ ಸುದ್ದಿ.

ಆಪರೇಷನ್ ಆದ ಮರುದಿನ ಮೂತ್ರ ಹಸಿರೋ ನೀಲಿಯೋ ಆಗಿ ಹೋಗಬಹುದು. ವಾರ್ಡಿನಲ್ಲಿ ಜೊತೆಗಿದ್ದವರು ಗಾಬರಿಯಾಗುವುದು ಇಲ್ಲೇ. ಅದು ಬಣ್ಣ ಅಷ್ಟೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಚುಚ್ಚಿದ ಜಾಗದ ಚರ್ಮದಲ್ಲಿ ನೀಲಿ ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಪರೂಪಕ್ಕೆ ಬಣ್ಣ ಅಲರ್ಜಿ ಆಗುವುದುಂಟು. ಗರ್ಭಿಣಿಯಾಗಿದ್ದರೆ, ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕು, ಮೆಥಿಲಿನ್ ಬ್ಲೂಗೂ ಅಂಥ ಕೆಲವು ಮಾತ್ರೆಗಳಿಗೂ ಆಗಿಬರುವುದಿಲ್ಲ.

"ಎಲ್ಲಾ ತೆಗೆದುಬಿಡಿ ಡಾಕ್ಟ್ರೇ"

ರೋಗಿಗಿಂತ ಮನೆಯವರು ಹೆಚ್ಚು ಹೇಳುವ ಮಾತು ಇದು. ಅರ್ಧ ಬಿಟ್ಟರೆ ಕ್ಯಾನ್ಸರ್ ಉಳಿದುಬಿಟ್ಟರೆ ಅನ್ನುವ ಭಯ. ಭಯ ತಪ್ಪಲ್ಲ, ಆದರೆ ಇದಕ್ಕೆ ಉತ್ತರ ಸಿಕ್ಕಿದೆ.

ಎನ್‌ಎಸ್‌ಎಬಿಪಿ ಬಿ-32 ಅನ್ನುವ ಅಧ್ಯಯನದಲ್ಲಿ 5,611 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೆಂಟಿನಲ್ ತೆಗೆದು, ಹೇಗೂ ಕಂಕುಳನ್ನೂ ತೆರವು ಮಾಡಿದರು. ಇನ್ನೊಂದು ಗುಂಪಿನಲ್ಲಿ ಸೆಂಟಿನಲ್ ಶುದ್ಧವಿದ್ದರೆ ಅಲ್ಲಿಗೇ ಬಿಟ್ಟರು. 2010ರಲ್ಲಿ ಫಲಿತಾಂಶ ಬಂದಾಗ ಸೆಂಟಿನಲ್ ಶುದ್ಧವಿದ್ದವರಲ್ಲಿ, ಎರಡೂ ಗುಂಪಿನ ಬದುಕುಳಿಯುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಟೀ ಅಂಗಡಿಯವರ ಕಣ್ಣು ತಪ್ಪಿಸಿ ಅಡ್ಡದಾರಿಯಲ್ಲಿ ಊರು ಸೇರುವವರೂ ಇರುತ್ತಾರೆ ಅನ್ನುವುದು ನಿಜ. ಅದೇ ಅಧ್ಯಯನದಲ್ಲಿ, ಕಂಕುಳಿಗೆ ಕ್ಯಾನ್ಸರ್ ನಿಜವಾಗಿ ಇಳಿದಿದ್ದವರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರದ್ದು ಸೆಂಟಿನಲ್‌ನಲ್ಲಿ ಕಂಡಿರಲಿಲ್ಲ. ಆದರೂ ಮುಂದೆ ಕಂಕುಳಿನ ಕಡೆ ಕ್ಯಾನ್ಸರ್ ಮತ್ತೆ ಎದ್ದಿದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ. ಆಪರೇಷನ್ ಜೊತೆ ಕಿಮೋ, ಹಾರ್ಮೋನ್ ಮಾತ್ರೆ, ರೇಡಿಯೇಷನ್ ಕೂಡ ಕೆಲಸ ಮಾಡುತ್ತಿರುತ್ತವೆ.

ಇನ್ನೂ ಆಶ್ಚರ್ಯ ತಂದದ್ದು ಝಡ್-0011 ಅನ್ನುವ ಅಧ್ಯಯನ. ಇದರಲ್ಲಿದ್ದವರ ಸೆಂಟಿನಲ್‌ನಲ್ಲಿ ಒಂದೋ ಎರಡೋ ಗ್ರಂಥಿಗೆ ಕ್ಯಾನ್ಸರ್ ಇಳಿದೇ ಇತ್ತು. ಸ್ತನ ಉಳಿಸುವ ಆಪರೇಷನ್ ಮಾಡಿ, ಆಮೇಲೆ ಸ್ತನಕ್ಕೆ ಪೂರ್ತಿ ರೇಡಿಯೇಷನ್ ಕೊಡುವಂಥ ರೋಗಿಗಳು ಇವರು. ಅರ್ಧ ಮಂದಿಗೆ ಕಂಕುಳು ತೆರವು ಮಾಡಿದರು, ಅರ್ಧ ಮಂದಿಗೆ ಮಾಡಲಿಲ್ಲ. ಹತ್ತು ವರ್ಷದ ನಂತರ ಬದುಕಿದ್ದವರು ತೆರವು ಮಾಡದವರಲ್ಲಿ ಶೇ. 86.3, ಮಾಡಿದವರಲ್ಲಿ ಶೇ. 83.6. ಬಿಟ್ಟಿದ್ದರಿಂದ ಆಯಸ್ಸು ಕಡಿಮೆಯಾಗಲಿಲ್ಲ. ಹಾಗಾಗಿ ಈಗ "ಗ್ರಂಥಿಯಲ್ಲಿ ಸ್ವಲ್ಪ ಇದೆ" ಅಂದರೂ ಎಲ್ಲರಿಗೂ ಕಂಕುಳು ಖಾಲಿ ಮಾಡುವುದಿಲ್ಲ. ಕೆಲವರಿಗೆ ಅದರ ಬದಲು ಕಂಕುಳಿಗೆ ರೇಡಿಯೇಷನ್ ಕೊಡುತ್ತಾರೆ. ಹಳ್ಳಿ ಕಡೆ "ಕರೆಂಟ್ ಕೊಡೋದು" ಅಂತಾರಲ್ಲ, ಅದೇ. ಅದಕ್ಕೆ ವಾರಗಟ್ಟಲೆ ಓಡಾಡಬೇಕು, ಇಲ್ಲವೇ ಆಸ್ಪತ್ರೆ ಪಕ್ಕ ರೂಮು ಮಾಡಿಕೊಂಡು ಇರಬೇಕು. ಅಂಗಡಿ, ದನಕರು, ಸ್ಕೂಲ್ ಮಕ್ಕಳು ಎಲ್ಲ ಬಿಟ್ಟು ಅಷ್ಟು ದಿನ ಇರೋಕೆ ಆಗುತ್ತಾ ಅನ್ನುವುದನ್ನು ಆಪರೇಷನ್‌ಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕು. ರೇಡಿಯೇಷನ್ ಬರುತ್ತೆ ಅನ್ನುವ ಲೆಕ್ಕದಲ್ಲಿ ಸರ್ಜನ್ ಕಂಕುಳು ಉಳಿಸಿ, ರೋಗಿ ಊರಿಗೆ ಹೋದವರು ವಾಪಸ್ ಬರದಿದ್ದರೆ ಎರಡೂ ಕೆಟ್ಟ ಹಾಗೆ.

2023ರಲ್ಲಿ ಸೌಂಡ್ ಅನ್ನುವ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಡ್ಡೆ 2 ಸೆಂ.ಮೀ. ಒಳಗಿದ್ದು, ಅಲ್ಟ್ರಾಸೌಂಡ್‌ನಲ್ಲಿ ಕಂಕುಳು ಶುದ್ಧವಿದ್ದವರಿಗೆ ಸೆಂಟಿನಲ್ ಕೂಡ ಬಿಡಬಹುದು, ಐದು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ. ಅಷ್ಟು ಚಿಕ್ಕ ಗಡ್ಡೆ ಇರುವಾಗಲೇ ಬರುವವರು ನಮ್ಮಲ್ಲಿ ಎಷ್ಟು ಮಂದಿ ಅನ್ನುವುದು ಬೇರೆ ಮಾತು.

ಯಾರಿಗೆ ಆಗುವುದಿಲ್ಲ?

ಕಂಕುಳಿನ ಗಂಟು ಆಗಲೇ ಕೈಗೆ ಸಿಗುವಷ್ಟು ದೊಡ್ಡದಾಗಿ, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಖಚಿತವಾದವರಿಗೆ ನೇರವಾಗಿ ಸೆಂಟಿನಲ್ ಮಾಡುವುದಿಲ್ಲ. ಸ್ತನ ಪೂರ್ತಿ ಕೆಂಪಾಗಿ, ಬಾತುಕೊಂಡು, ಕಿತ್ತಳೆ ಸಿಪ್ಪೆಯ ಹಾಗಾಗುವ ಉರಿಯೂತದ ಕ್ಯಾನ್ಸರ್‌ನವರಿಗೂ ಇಲ್ಲ. ಮೊದಲನೇ ಗುಂಪಿನವರಲ್ಲಿ ಕೆಲವರಿಗೆ ಮೊದಲು ಕಿಮೋ ಕೊಡುತ್ತಾರೆ. ಗಂಟು ಕರಗಿದರೆ ಆಮೇಲೆ ಬಣ್ಣ, ವಿಕಿರಣ ಎರಡನ್ನೂ ಬಳಸಿ ಕನಿಷ್ಠ ಮೂರು ಗ್ರಂಥಿ ತೆಗೆದು ನೋಡುವ ಕ್ರಮವಿದೆ. ಕೆಲವು ಕಡೆ ಕಿಮೋಗೆ ಮೊದಲೇ ಆ ಗ್ರಂಥಿಗೆ ಸಣ್ಣ ಲೋಹದ ಕ್ಲಿಪ್ ಹಾಕಿರುತ್ತಾರೆ, ಕರಗಿದ ಮೇಲೂ ಗುರುತು ಸಿಗಲಿ ಅಂತ.

ತೊಂದರೆ ಇರುವುದು ಇಲ್ಲೇ. ಸ್ತನ ಕ್ಯಾನ್ಸರ್ ಗಡ್ಡೆ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು ಯಾರಿಗೆ ತೋರಿಸುವುದು? ಹಬ್ಬ ಮುಗೀಲಿ, ಮಗಳ ಮದುವೆ ಮುಗೀಲಿ, ಅಡಿಕೆ ಸುಗ್ಗಿ ಮುಗೀಲಿ ಅಂತ ಮುಂದೂಡುತ್ತಾರೆ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ, 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ರೋಗಿಗಳು. ಮುಂದೂಡಿದ ತಿಂಗಳುಗಳಲ್ಲಿ ಹೋಗುವುದು ಕೈ ಉಳಿಸಿಕೊಳ್ಳುವ ಅವಕಾಶ ಕೂಡ. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆ ಉಚಿತವಾಗಿದೆ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಿನ ಹೇಳುತ್ತಾರೆ.

ಅಂಗಾಲಿನ ಕಪ್ಪು ಮಚ್ಚೆ

ಸೆಂಟಿನಲ್ ಹಬ್ಬಿದ್ದು ಮೆಲನೋಮದಿಂದ ಅಂತ ಮೇಲೆ ಬಂತು. ಬಿಳಿಯ ಚರ್ಮದವರಲ್ಲಿ ಇದು ಬೆನ್ನು, ಕಾಲು, ಬಿಸಿಲು ಬೀಳುವ ಕಡೆ ಬರುತ್ತದೆ. ನಮ್ಮಲ್ಲಿ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಬಂದದ್ದು ಕಾಲ್ಬೆರಳ ಉಗುರಿನಡಿ, ಮೊದಲು ಅದನ್ನು ಫುಟ್‌ಬಾಲ್ ಆಡುವಾಗಿನ ಗಾಯ ಅಂದುಕೊಂಡಿದ್ದರಂತೆ. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಇಲ್ಲೂ ಅದೇ ಆಗುತ್ತದೆ. ಆಣಿ ಅಂತ ಪಟ್ಟಿ ಹಚ್ಚುವುದು, ಬ್ಲೇಡಿನಲ್ಲಿ ಕೆರೆಯುವುದು, ಕಲ್ಲು ತಗುಲಿ ರಕ್ತ ಹೆಪ್ಪುಗಟ್ಟಿದೆ ಅಂತ ಬಿಡುವುದು. ಹಬ್ಬುತ್ತಿರುವ, ಬಣ್ಣ ಒಂದೇ ಸಮ ಇಲ್ಲದ, ವಾಸಿಯಾಗದ ಕಪ್ಪು ಮಚ್ಚೆಯನ್ನು ಚರ್ಮದ ಡಾಕ್ಟರಿಗೇ ತೋರಿಸಬೇಕು.

ಇದರಲ್ಲಿ ಲೆಕ್ಕ ಮಚ್ಚೆಯ ಅಗಲದ್ದಲ್ಲ, ಆಳದ್ದು. ಬಯಾಪ್ಸಿಯಲ್ಲಿ ಗೆಡ್ಡೆಯ ದಪ್ಪ 1 ಮಿ.ಮೀ. ದಾಟಿದ್ದರೆ ಸೆಂಟಿನಲ್ ಮಾಡಿಸುವ ಸಲಹೆ ಕೊಡುತ್ತಾರೆ, 0.8 ದಾಟಿದವರಲ್ಲೂ ಯೋಚಿಸುತ್ತಾರೆ. ಅಂಗಾಲಿನದ್ದಾದರೆ ಕಾವಲು ಗ್ರಂಥಿ ಸಾಮಾನ್ಯವಾಗಿ ತೊಡೆಸಂದಿನಲ್ಲಿ. ಮಚ್ಚೆಯನ್ನು ಅಗಲವಾಗಿ ತೆಗೆಯುವುದೂ ಸೆಂಟಿನಲ್ ಹುಡುಕುವುದೂ ಒಂದೇ ಆಪರೇಷನ್ನಿನಲ್ಲಿ ಆಗಬೇಕು. ಮೊದಲೇ ದೊಡ್ಡದಾಗಿ ಕೊಯ್ದು ಹೊಲಿಗೆ ಹಾಕಿಬಿಟ್ಟಿದ್ದರೆ ರಸ ಹರಿಯುವ ದಾರಿಗಳೇ ಕಡಿದುಹೋಗಿ ಬಣ್ಣ ತಪ್ಪು ಗ್ರಂಥಿ ತೋರಿಸಬಹುದು.

ಇಲ್ಲೂ "ಎಲ್ಲಾ ತೆಗೆಯಿರಿ" ಅನ್ನುವುದು ಹಿಂದೆ ಸರಿದಿದೆ. 2017ರಲ್ಲಿ ಬಂದ ಎಂಎಸ್‌ಎಲ್‌ಟಿ-2 ಅಧ್ಯಯನದಲ್ಲಿ ಸೆಂಟಿನಲ್‌ಗೆ ಮೆಲನೋಮ ಇಳಿದಿದ್ದ 1,900ಕ್ಕೂ ಹೆಚ್ಚು ರೋಗಿಗಳಿದ್ದರು. ಉಳಿದ ಗ್ರಂಥಿ ತೆಗೆದವರಿಗೂ, ತೆಗೆಯದೆ ಅಲ್ಟ್ರಾಸೌಂಡ್ ಮಾಡುತ್ತಾ ಕಾದವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಬಾವು ಮಾತ್ರ ಶೇ. 24 ಮತ್ತು ಶೇ. 6.

ಊರಿಂದ ಹೊರಡುವ ಮುನ್ನ

ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಉದ್ದವೇನಲ್ಲ: "ಕಂಕುಳಿಗೆ ಸೆಂಟಿನಲ್ ಮಾಡೋಕೆ ಆಗುತ್ತಾ? ಇಲ್ಲೇ ಆಗುತ್ತಾ, ಬೇರೆ ಕಡೆ ಹೋಗಬೇಕಾ? ಆಗಲ್ಲ ಅಂದ್ರೆ ಯಾಕೆ?" ಕೊನೆಯ ಪ್ರಶ್ನೆಗೆ ಒಳ್ಳೆಯ ಕಾರಣ ಇರಬಹುದು, ಕೇಳಿದರೆ ಡಾಕ್ಟರು ಹೇಳುತ್ತಾರೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಹತ್ತಿರ, ಬರೆದಿರುವ ಆಪರೇಷನ್ ಯಾವ ಪ್ಯಾಕೇಜ್‌ಗೆ ಬರುತ್ತೆ, ಕೈಯಿಂದ ಏನು ಕಟ್ಟಬೇಕು ಅಂತ ಅಡ್ಮಿಟ್ ಆಗುವ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಬೇರೆ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವವರು ಬರೀ ರಿಪೋರ್ಟ್ ಹಾಳೆ ಹಿಡಿದು ಹೋಗಿ ಮತ್ತೆ ಊರಿಗೆ ಓಡಿಬರುವುದುಂಟು. ಇಲ್ಲಿ ಬಯಾಪ್ಸಿ ಆಗಿದ್ದರೆ ಆ ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆಯಬೇಕು, ದೊಡ್ಡ ಆಸ್ಪತ್ರೆಯವರು ಅದನ್ನೇ ಮತ್ತೆ ನೋಡುತ್ತಾರೆ. ನರ್ಸಿಂಗ್ ಹೋಮ್‌ನಲ್ಲಿ ಯಾವುದೇ ಗಡ್ಡೆ, ಮಚ್ಚೆ ತೆಗೆಸಿದರೂ ತೆಗೆದ ತುಂಡನ್ನು ಫಾರ್ಮಲಿನ್ ಹಾಕಿದ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸಿದ್ದಾರಾ ಅಂತ ಅವತ್ತೇ ವಿಚಾರಿಸಿ. ಎಸೆದುಬಿಟ್ಟ ತುಂಡಿನಿಂದ ಆಮೇಲೆ ಏನೂ ಗೊತ್ತುಮಾಡಿಕೊಳ್ಳಲು ಬರುವುದಿಲ್ಲ.